ಕೋಟು ತೊಟ್ಟು ಹೊಳೆಗೆ ಹಾರಿದ್ದು

ಸುಗುಣಾ ತೀರಿಕೊಳ್ಳುವ ಹಿಂದಿನ ದಿನ ನಾನು ಸುವಾರ್ತೆಯಲ್ಲಿ ಒಂದು ತಪ್ಪು ಕಂಡುಹಿಡಿದೆ!

ಅದು ಎಂದಿನಂಥದೇ ಬೆಳಗು. ನನ್ನ ಹೆಂಡತಿ ಸುಗುಣಾ ರೊಟ್ಟಿ ಬಡಿಯುತ್ತಿದ್ದಳು. ಮರಣದಿಂದ ಎದ್ದುಬಂದ ಯೇಸುಸ್ವಾಮಿ ದಡದಲ್ಲಿ ಕೆಂಡ ಮಾಡಿ ಶಿಷ್ಯರಿಗೆ ಮೀನು ಸುಟ್ಟುಕೊಡುವ ಭಾಗವನ್ನು ನಾನು ಗಟ್ಟಿಯಾಗಿ ಓದುತ್ತಿದ್ದೆ. ದೋಣಿಯಲ್ಲಿದ್ದ ಶಿಷ್ಯ ಪೇತ್ರ, ದಡದಲ್ಲಿ ನಿಂತವರು ಸ್ವಾಮಿ ಎಂದು ತಿಳಿದದ್ದೇ ತಡ, ಬಿಚ್ಚಿಟ್ಟಿದ್ದ ಮೇಲಂಗಿ ತೊಟ್ಟು ನೀರಿಗೆ ಹಾರುತ್ತಾನೆ.

“ಇದು ಬರದಾವ್ರ ತಪ್ಪು,” ಎಂದು ತೀರ್ಪು ಕೊಟ್ಟೆ. “ನೀರಿಗೆ ಜಿಗಿಯಾವ ಅಂಗಿ ಕಳೀತಾನ. ಹಾಕ್ಕೊಂತಾನೇನು?”

ಬೀಜದ ಕಂಪನಿಯ ಗೋದಾಮಿನಲ್ಲಿ ತಪ್ಪು ಹುಡುಕುವುದೇ ನನ್ನ ನೌಕರಿ. ದೇವರ ವಾಕ್ಯವನ್ನೂ ಬಿಡಲಿಲ್ಲ.

“ಸುಳ್ಳು ಬರಿಯಾವ ಇದನ್ನ ಚಂದಂಗ ತಿದ್ದಿರತಿದ್ದ,” ಎಂದಳು ಸುಗುಣಾ. “ಕಣ್ಣಾರೆ ನೋಡಿದಾವ್ರು ಬರದಾರ, ಅದಕ್ಕ ಪೇತ್ರನ ಹುಚ್ಚುತನಾನೂ ಹಂಗ ಉಳದೈತಿ. ಖುಷಿ ಆದಾಗ ಮನಶ್ಯಾ ವಿಚಾರ ಮಾಡಿ ಜಿಗೀತಾನೇನ್ರಿ?”

“ನಾ ಆಗಿದ್ರ ವಿಚಾರ ಮಾಡ್ತಿದ್ದೆ.”

“ಹಂಗಾರ ನೀವು ಇನ್ನೂ ದೋಣ್ಯಾಗ ಕುಂತಿರತಿದ್ರಿ. ಏಳ್ರಿ, ರೊಟ್ಟಿ ಆರಾಕತ್ತಾವ.”

ಮರುದಿನ ಮಧ್ಯಾಹ್ನ ಅವಳ ಹೃದಯ ನಿಂತಿತು.

ಅಂದಿನಿಂದ ನನಗೆ ಪ್ರಾರ್ಥನೆ ಬರದಾಯಿತು. ಭಾನುವಾರ ಚರ್ಚಿಗೆ ಹೋಗುತ್ತಿದ್ದೆ, ಎಲ್ಲರ ಜೊತೆ ತುಟಿ ಅಲುಗಿಸುತ್ತಿದ್ದೆ. ಒಳಗೆ ಸದ್ದೇ ಇರಲಿಲ್ಲ.

ರಾಣೆಬೆನ್ನೂರಿನ ನಮ್ಮ ಚಿಕ್ಕ ಸಭೆಯವರು ಈಸ್ಟರ್ ಮರುದಿನ ಐರಣಿಯ ಹೊಳೆದಂಡೆಗೆ ಹೋಗಿ, ಪೇತ್ರ ನೀರಿಗೆ ಹಾರುವ ಇದೇ ಕತೆಯನ್ನು ನಾಟಕವಾಡಿ, ಮೀನು ಸುಟ್ಟು ತಿಂದು ಬರುವುದು ವಾಡಿಕೆ. ಆಡಿಸುತ್ತಿದ್ದವಳು ಸುಗುಣಾ. ಈ ಸಲ ಅವಳ ತಮ್ಮ ಜಯಪ್ಪ ಆ ಹೊಣೆ ಹೊತ್ತು ಬ್ಯಾಡಗಿಯಿಂದ ಬಂದ. ಅಲ್ಲಿ ಮೆಣಸಿನಕಾಯಿ ಇಡುವ ಕೋಲ್ಡ್ ಸ್ಟೋರೇಜಿನಲ್ಲಿ ಅವನ ಕೆಲಸ.

“ಮಾಮಾ, ನಾ ಯೇಸುಸ್ವಾಮಿ ಆಗ್ತೇನಿ. ನೀವು ಪೇತ್ರ ಆಗ್ರಿ.”

“ನನಗ ಪ್ರಾರ್ಥನಾನ ಬರವಲ್ದು. ಪೇತ್ರ ಹೆಂಗ ಆಗ್ಲೋ?”

“ಸ್ವಾಮಿ ಯಾರೋ ನನಗ ಗೊತ್ತಿಲ್ಲ ಅಂತ ಆಣಿ ಮಾಡಿದಾವ ಅಂವ. ನಿಮಗ ಸರೀ ಹೊಂದತಾನ!”

ಒಪ್ಪಿಕೊಂಡೆ. ನಾಟಕದ ಕೊನೆಗೆ ಸ್ವಾಮಿ ಪೇತ್ರನನ್ನು, ನನ್ನ ಮೇಲೆ ಪ್ರೀತಿ ಇದೆಯೇ ಎಂದು ಮೂರು ಸಲ ಕೇಳುತ್ತಾರೆ. ಪೇತ್ರ ಮೂರು ಸಲವೂ ಹೌದು ಎನ್ನಬೇಕು. ಒಂದು ಸಲವಾದರೂ ಅದನ್ನು ಮನಸಾರೆ ಹೇಳಲು ಬಂದರೆ ಪ್ರಾರ್ಥನೆಯೂ ಮರಳಿ ಬಂದೀತು ಎಂಬ ಆಸೆ ನನ್ನದು.

ಸಕಲ ಸಿದ್ಧತೆಗಳಾದವು. ಪೇತ್ರನ ಮೇಲಂಗಿಯ ಸ್ಥಾನವನ್ನು ನನ್ನ ಮದುವೆಯ ಉಣ್ಣೆ ಕೋಟು ಅಲಂಕರಿಸಿತು. ಬಲೆಯೊಳಗೆ ಸಂತೆಯಿಂದ ತಂದ ಮೀನು, ದಡದ ಒಲೆಗೆಂದು ಇನ್ನಷ್ಟು. ತೆಪ್ಪದಲ್ಲಿ ನಾನು, ಇನ್ನೊಬ್ಬ ಶಿಷ್ಯನಾಗಿ ನಮ್ಮ ಚರ್ಚಿನ ಸಭಾಪಾಲಕರು, ಹುಟ್ಟು ಹಾಕಲು ಐರಣಿಯ ಮೀನುಗಾರ.

“ಯಜಮಾನ್ರ, ಹಾರಾವ್ರು ಕೋಟ್ ಯಾಕ ಹಾಕ್ಕೊಳ್ಳಾಕತ್ತೀರಿ?” ಎಂದು ಅವನು ಗಾಬರಿಯಾದ.

“ಶಾಸ್ತ್ರದಾಗ ಹಂಗ ಐತಿ!” ಎಂದು ಗದರಿಸಿದೆ.

ಸಭಾಪಾಲಕರು ದಡದತ್ತ ಕೈ ತೋರಿಸಿ ಸ್ವಾಮಿ ಬಂದರೆಂದು ಸಾರಿದರು. ನಾನು ಗುಂಡಿಗಳನ್ನೆಲ್ಲ ಹಾಕಿಕೊಂಡು, ಎರಡೂ ಕೈ ಚಾಚಿ, ತುಂಗಭದ್ರೆಗೆ ಹಾರಿದೆ.

ನೀರು ಮೊಣಕಾಲಿನಷ್ಟಿತ್ತು! ಬೇಸಿಗೆಯ ಹೊಳೆ. ಕೆಸರಿಗೆ ಮಾತ್ರ ಬರವಿರಲಿಲ್ಲ. ಕಾಲು ಹೂತವು, ಮುಖ ಮುಂದೆ ಹೋಯಿತು. ನಾನು ಒದ್ದ ರಭಸಕ್ಕೆ ತೆಪ್ಪ ಮಗುಚಿ, ಸಭಾಪಾಲಕರಿಗೆ ಎರಡನೆಯ ಬಾರಿ ದೀಕ್ಷಾಸ್ನಾನವಾಯಿತು. ಬಲೆ ಬಿಚ್ಚಿತು. ಸಂತೆಯಲ್ಲೇ ಸತ್ತಿದ್ದ ಮೀನುಗಳು ತಪ್ಪಿಸಿಕೊಂಡು ಹೋದವು!

ದಡದಲ್ಲೂ ಶಾಂತಿ ಇರಲಿಲ್ಲ. ಬೆಂಕಿ ಹತ್ತದೆ ಬೇಸತ್ತ ಜಯಪ್ಪ, ತನ್ನ ಗಾಡಿಯಲ್ಲಿದ್ದ ಖಾಲಿ ಗೋಣಿಚೀಲ ತಂದು ಒಲೆಗೆ ತುರುಕಿದ್ದ. ಮೆಣಸಿನಕಾಯಿ ತುಂಬುತ್ತಿದ್ದ ಚೀಲ! ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ ಎನ್ನುತ್ತಾರೆ. ಹಾಗೆನ್ನುವವರು ಅದರ ಹೊಗೆ ಕುಡಿದವರಲ್ಲ.

ಇಡೀ ಸಭೆ ಕೆಮ್ಮತೊಡಗಿತು.

“ಲೇ ಜಯ್ಯಾ,” ಎಂದು ನಮ್ಮಲ್ಲೇ ಹಿರಿಯಳಾದ ಕರುಣಮ್ಮ ಕೂಗಿದಳು. “ನಾಟಕ ಆಡಸಾಕತ್ತೀಯೋ, ದೃಷ್ಟಿ ತಗಿಯಾಕತ್ತೀಯೋ?”

ಪೇತ್ರ ಈಜಿ ದಡ ಸೇರಲಿಲ್ಲ. ಸ್ವಾಮಿಯೇ ಬಿಳಿ ನಿಲುವಂಗಿ ಎತ್ತಿ ಕಟ್ಟಿಕೊಂಡು, ಸೀನುತ್ತ ಹೊಳೆಗಿಳಿದು, ನನ್ನ ಕಾಲರ್ ಹಿಡಿದು ಎಳೆದುಕೊಂಡು ಬರಬೇಕಾಯಿತು.

ಕೆಂಡದ ಮುಂದೆ ನಿಂತೆವು. ಕೋಟಿನಿಂದ ಹೊಳೆ ಹರಿಯುತ್ತಿತ್ತು.

“ನನ್ನ ಮ್ಯಾಲ... ಆಕ್ಷೀ!... ಪ್ರೀತಿ ಐತೇನು?”

“ಹೌದು ಸ್ವಾಮಿ,” ಎಂದೆ. ಕಲಿತ ಮಾತು. ಒಳಗೆ ಸದ್ದಿಲ್ಲ.

ಮತ್ತೆ ಕೆಮ್ಮು, ಮತ್ತೆ ಪ್ರಶ್ನೆ. ಮತ್ತೆ ಅದೇ ಬಾಯಿಪಾಠ.

ಮೂರನೆಯ ಸಲಕ್ಕೆ ಜಯಪ್ಪ ತನ್ನ ಪಾತ್ರ ಮರೆತ. ಕೆಂಪಾದ ಕಣ್ಣುಗಳಿಂದ ನನ್ನನ್ನೇ ನೋಡುತ್ತ, “ಮಾಮಾ, ಖರೇನ ಐತೇನು?” ಎಂದ. ಅಕ್ಕನ ಕಣ್ಣುಗಳೇ ಅವನವು.

ನನ್ನ ಮಾತೂ ಮರೆತುಹೋಯಿತು.

“ಸಿಟ್ಟೈತಿ!” ಎಂದು ಕೂಗಿಬಿಟ್ಟೆ. “ಭಾಳ ಸಿಟ್ಟೈತಿ ನಿನ್ನ ಮ್ಯಾಲ. ಒಂದ್ ಮಾತು ಕೇಳದ ಆಕಿನ್ನ ಕರಕೊಂಡು ಹೋದಿ. ಆದ್ರ ಪ್ರೀತಿನೂ ಐತಿ. ಹೋಗವಲ್ದು. ಏನ್ ಮಾಡ್ಲಿ?”



“ಇದು ಪುಸ್ತಕದಾಗ ಇಲ್ಲಲ್ರಿ,” ಎಂದು ಯಾರೋ ಪಿಸುಗುಟ್ಟಿದರು.

ಕರುಣಮ್ಮ ಸೆರಗಿನಲ್ಲಿ ಮೂಗು ಒರೆಸಿಕೊಂಡಳು. “ಅದ್ರಾಗ ಅತ್ತಾವ್ರು ಅದಾರ, ಓಡಿಹೋದಾವ್ರು ಅದಾರ, ದೇವರ ಜೋಡಿ ಜಗಳ ತಗದಾವ್ರೂ ಅದಾರ. ಇವಗೂ ಜಾಗಾ ಐತಿ. ಮೀನು ಹೊತ್ತಾಕತ್ತಾವ, ಮುಂದ ನಡಸೋ ಜಯ್ಯಾ.”

ಸುಗುಣಾ ಹೋದ ಮೇಲೆ ನಾನು ಮಾಡಿದ ಮೊದಲ ಪ್ರಾರ್ಥನೆ ಆ ಕೂಗು. ಕೆಸರು ಮೆತ್ತಿಕೊಂಡು, ಮೂಗು ಸುರಿಸಿಕೊಂಡು ಬಂತು, ಆದರೂ ಬಂತು. ಕೆಂಡದ ಮೇಲೆ ಉಳಿದಿದ್ದ ಮೀನುಗಳನ್ನು ಹಂಚಿಕೊಂಡು ತಿಂದೆವು. ಎಲ್ಲರ ಕಣ್ಣಲ್ಲೂ ನೀರಿತ್ತು. ಯಾಕೆಂದು ಯಾರೂ ಯಾರನ್ನೂ ಕೇಳಲಿಲ್ಲ.

ಈಗ ದಿನವೂ ಪ್ರಾರ್ಥಿಸುತ್ತೇನೆ. ತಕರಾರಿನಿಂದ ಶುರುವಾಗಿ, ಹೇಗೋ ವಂದನೆಗೆ ಬಂದು ಮುಟ್ಟುತ್ತದೆ. ನನ್ನ ನಟನೆಯ ಬಗ್ಗೆ ಸಭಾಪಾಲಕರ ಅಭಿಪ್ರಾಯವೂ ತಿಳಿದಿದೆ. “ಮುಂದಿನ ವರ್ಷ ದಂಡಿ ಮ್ಯಾಲ ಸುಮ್ಮನ ಕುಂದ್ರುವಂಥಾ ಪಾತ್ರ ತಗೋರಿ. ಮಾತೂ ಇರಬಾರದು, ನೀರೂ ಇರಬಾರದು,” ಎಂದಿದ್ದಾರೆ.

ಹೊಳೆಗೆ ಹಾರಿದ ಆ ದಿನ ಸಂಜೆ, ನೀರು ತೊಟ್ಟಿಕ್ಕಿಸುತ್ತಲೇ ಮನೆಗೆ ಬಂದೆ. ನಗು ತಡೆಯಲಾಗುತ್ತಿರಲಿಲ್ಲ. ಬಾಗಿಲು ತೆರೆದವನೇ, ಆದದ್ದನ್ನೆಲ್ಲ ಹೇಳಲು ಬಾಯಿ ತೆಗೆದೆ.

ಮೊದಲು ತಲೆ ಒರೆಸಿಕೊಳ್ಳಿ ಎನ್ನುವವಳು ಮನೆಯಲ್ಲಿರಲಿಲ್ಲ.