ದುಂಡಗಿದ್ದವನೇ ರಾಜ

ಹೀರೋ: ಸೀಮೆಸುಣ್ಣದಲ್ಲಿ ಗುರುತು ಹಾಕಿ, ಅಲ್ಲೇ ನಿಂತ್ಕೊಂಡು ಮಾತಾಡು ಅಂದ್ರೆ ಅದು ನಟನೆ ಅಲ್ಲ ಭಾವ. ಬಸ್ ಸ್ಟಾಪು.

ಭಾವ: ನಿಲ್ಲಬೇಡ. ಇಪ್ಪತ್ತೆರಡು ವರ್ಷದಿಂದ ನೀನು ಎತ್ತ ಹೋದ್ರೂ ನನ್ನ ಲೈಟು ಹಿಂದೇನೇ ಬಂದಿದೆ. ಒಂದು ಚೂರು ತಡ ಆಗಿರಬಹುದು.

ಹೀರೋ: ಆ ಒಂದು ಚೂರಲ್ಲೇ ನನ್ನ ಒಳ್ಳೊಳ್ಳೆ ಮಾತೆಲ್ಲ ಕತ್ತಲಲ್ಲಿ ಹೋಗಿದೆ. ಯಂತ್ರಕ್ಕೆ ತಡ ಅನ್ನೋದೇ ಇಲ್ಲ.

ನಾಟಕ ನಾಳೆ, ಅಭ್ಯಾಸ ಈಗ. ರಾಜನ ಪಾತ್ರದ ಹೀರೋ ರಂಗದ ಮೇಲಿದ್ದಾನೆ. ಎದೆಯ ಮೇಲೆ ತಟ್ಟೆಯಷ್ಟಗಲದ ಹಳದಿ ಬಟ್ಟೆಯ ವೃತ್ತ. ಅವನ ಅಕ್ಕನ ಗಂಡ, ತಂಡದ ಲೈಟು ಹಿಡಿಯುವವನು, ಎದುರಿನ ಅಟ್ಟದಲ್ಲಿ ಕೈಕಟ್ಟಿ ಕೂತಿದ್ದಾನೆ. ಪಕ್ಕದಲ್ಲಿ ಹೀರೋ ತಂದ ಕ್ಯಾಮೆರಾ ಮತ್ತು ಲ್ಯಾಪ್‌ಟಾಪ್. ಕ್ಯಾಮೆರಾ ಹಳದಿಯಾದ, ದುಂಡಗಾದ ಆಕಾರವನ್ನು ಹುಡುಕುತ್ತದೆ, ಸಿಕ್ಕರೆ ಲ್ಯಾಪ್‌ಟಾಪಿನಲ್ಲಿ ಅದರ ಸುತ್ತ ಹಸಿರು ಗೆರೆ ಎಳೆಯುತ್ತದೆ, ಅದು ಹೋದ ಕಡೆಗೆ ಲೈಟನ್ನು ತಿರುಗಿಸುತ್ತದೆ. ಇವತ್ತು ಇದು ಸರಿಹೋದರೆ ನಾಳೆಯಿಂದ ಭಾವ ಪರದೆ ಎಳೆಯಬೇಕೆಂದು ಮ್ಯಾನೇಜರು ಹೇಳಿಯಾಗಿದೆ. ಪರದೆಗೆ ಇರುವುದು ಎರಡೇ ಕೆಲಸ, ಏಳುವುದು ಮತ್ತು ಬೀಳುವುದು.

ಹೀರೋ ಎದೆ ಮುಂದಿಟ್ಟುಕೊಂಡು ಎಡಕ್ಕೆ ಸರಿದ. ಬೆಳಕೂ ಸರಿಯಿತು. ಬಲಕ್ಕೆ ಬಂದ. ಬೆಳಕೂ ಬಂತು.

ಹೀರೋ: ನೋಡಿದ್ರಾ? ಸಾಕಿದ ನಾಯಿ ಹಾಗೆ ಬರುತ್ತೆ.

ಭಾವ: ನೋಡಿದೆ. ಈಗ ರಾಣಿ ಕಡೆ ತಿರುಗು.

ಹೀರೋ ತಿರುಗಿ, ರಾಣಿ ನಿಲ್ಲುವ ಜಾಗದತ್ತ ನಾಲ್ಕು ಹೆಜ್ಜೆ ನಡೆದ. ಬೆಳಕು ಇದ್ದಲ್ಲೇ ಇತ್ತು.

ಹೀರೋ: ಯಾಕೆ ನಿಂತು ಹೋಯ್ತು?

ಭಾವ: ನೀನಿಲ್ಲ ಅಂತ ಬರ್ತಿದೆ ಇಲ್ಲಿ.

ಹೀರೋ: ಇಲ್ಲೇ ಇದೀನಲ್ಲ.

ಭಾವ: ನೀನಿದೀಯ. ವೃತ್ತ ಇಲ್ಲ. ಪಕ್ಕಕ್ಕೆ ತಿರುಗಿದ್ರೆ ದುಂಡಗಿದ್ದದ್ದು ಸೌತೆಕಾಯಿ ಆಗುತ್ತೆ. ಸೌತೆಕಾಯಿ ಹಿಂದೆ ಹೋಗು ಅಂತ ಅದಕ್ಕೆ ಯಾರೂ ಹೇಳಿಲ್ಲ.

ಹೀರೋ: ಸರಿ. ಎದುರಿಗೇ ನೋಡ್ಕೊಂಡು ಏಡಿ ತರ ನಡೀತೀನಿ.

ಭಾವ: ಪಕ್ಕದಲ್ಲಿ ರಾಣಿ ಅಳ್ತಿರಲಿ. ನೀನು ಮೂರನೇ ಸಾಲಿನವರಿಗೆ ಸಮಾಧಾನ ಹೇಳು.

ಹೀರೋ: ರಾಜ ಆದವನು ಪ್ರಜೆಗಳ ಕಡೆಗೇ ನೋಡ್ಬೇಕು ಭಾವ.

ಭಾವ: ಒಳ್ಳೇದು. ಪ್ರತಿಜ್ಞೆ ಮಾತು ಹೇಳು.

ಪ್ರತಿಜ್ಞೆಯ ದೃಶ್ಯದಲ್ಲಿ ಬಾಗಿಲು ಕಾಯುವ ಭಟ ಈಟಿ ಹಿಡಿದು ಪಕ್ಕದಿಂದ ಒಳಗೆ ಬಂದ. ಹೀರೋ ಎದೆಯ ಮೇಲೆ ಕೈಯಿಟ್ಟು, “ಈ ಎದೆಯಲ್ಲಿ ಉಸಿರಿರುವ ತನಕ” ಅನ್ನುವಷ್ಟರಲ್ಲಿ ಭಟ ಎದುರಿಗೆ ತಿರುಗಿ ನಿಂತ, ಬೆಳಕು ಹೀರೋನನ್ನು ಬಿಟ್ಟು ಬಾಗಿಲಿಗೆ ಹೋಯಿತು. ಭಟನ ಎದೆಯ ಮೇಲೂ ಒಂದು ಹಳದಿ ವೃತ್ತವಿತ್ತು, ದೊಡ್ಡ ಪಾತ್ರೆಯ ಮುಚ್ಚಳದಷ್ಟು. ಹೀರೋ ಕೈ ತೆಗೆದ. ಬೆಳಕು ಹಿಂದಿರುಗಲಿಲ್ಲ.

ಹೀರೋ: ಇವನಿಗೆ ಇದನ್ನ ಯಾರು ಕೊಟ್ಟಿದ್ದು?

ತಂಡದ ಬಟ್ಟೆಯೆಲ್ಲ ಹೊಲಿಯುವ ಅಕ್ಕ, ಸೂಜಿಗೆ ದಾರ ಪೋಣಿಸುತ್ತಲೇ ಪಕ್ಕದ ಕೋಣೆಯಿಂದ ಬಂದಳು.

ಅಕ್ಕ: ನಾನೇ ಹೊಲಿದೆ. ನಿನ್ನೊಬ್ಬನ ಮೇಲೆ ಇದ್ರೆ ಹರಿದದ್ದಕ್ಕೆ ತೇಪೆ ಹಾಕಿದ ಹಾಗೆ ಕಾಣುತ್ತೆ. ಎಲ್ಲರಿಗೂ ಹಾಕಿದ್ರೆ ರಾಜ್ಯದ ಲಾಂಛನ.

ಹೀರೋ: ಎಲ್ಲರಿಗೂನಾ?

ಅಕ್ಕ: ಹದಿನಾಲ್ಕು ಜನಕ್ಕೆ. ಶತ್ರುಗಳಿಗೆ ಚೌಕ.

ಹೀರೋ: ಇವನದ್ದು ಯಾಕೆ ನನ್ನದಕ್ಕಿಂತ ದೊಡ್ಡದು?

ಅಕ್ಕ: ಅವನ ಎದೆ ನಿನ್ನದಕ್ಕಿಂತ ದೊಡ್ಡದು.

ಭಾವ: ಯಂತ್ರ ಎಲ್ಲಕ್ಕಿಂತ ದೊಡ್ಡ ವೃತ್ತನ ಆರಿಸ್ಕೊಳ್ಳುತ್ತೆ. ಅದು ನಾಟಕ ಓದಿಲ್ಲ.

ಹನ್ನೊಂದು ವರ್ಷ ಬಾಗಿಲು ಕಾದರೂ ಆ ಭಟನಿಗೆ ಒಂದು ಮಾತೂ ಸಿಕ್ಕಿರಲಿಲ್ಲ. ಅವನು ಒಂದು ಹೆಜ್ಜೆ ಮುಂದೆ ಬಂದ.

ಭಟ: ನಾನು ಏನಾದ್ರೂ ಹೇಳ್ಬೇಕಾ?

ಹೀರೋ: ನೀನು ಹೇಳೋದು ಏನೂ ಇಲ್ಲ.

ಭಟ: ಬೆಳಕು ಬಿದ್ದಿದೆ. ಸುಮ್ಮನೆ ನಿಂತ್ರೆ ಮಾತು ಮರೆತ ಅಂತಾರೆ ಜನ.

ಹೀರೋ: ಅಕ್ಕ, ಎಲ್ಲರದ್ದೂ ಬಿಚ್ಚಿಬಿಡು.

ಅಕ್ಕ: ಎರಡು ದಿನ ಬೆನ್ನು ಬಗ್ಗಿಸಿ ಹೊಲಿದಿದೀನಿ. ಬಿಚ್ಚಲ್ಲ. ಬಿಚ್ಚಿದ್ರೂ ಸೂಜಿ ತೂತು ಕಾಣುತ್ತೆ.

ಹೀರೋ: ಹಾಗಾದ್ರೆ ನನ್ನದನ್ನ ಇನ್ನೂ ದೊಡ್ಡದು ಮಾಡು.

ಅಕ್ಕ: ಎದೆಯಲ್ಲಿ ಜಾಗ ಇಲ್ಲ. ಹೊಟ್ಟೆ ಮೇಲೆ ಹಾಕ್ಲಾ? ಅಲ್ಲಿ ಬೇಕಾದಷ್ಟಿದೆ.

ಹೀರೋ ಹೋಗಿ ಸಿಂಹಾಸನದ ಮೇಲೆ ಕುಕ್ಕರಿಸಿದ. ಕತ್ತಲಲ್ಲಿ ಅವನ ಕಿರೀಟವಷ್ಟೇ ಮಸುಕಾಗಿ ಕಾಣುತ್ತಿತ್ತು. ಭಾವನಿಗೆ ಮೊದಲು ಖುಷಿಯಾಯಿತು, ಆಮೇಲೆ ಪಾಪ ಅನ್ನಿಸಿತು. ಎಷ್ಟಾದರೂ ಹೆಂಡತಿಯ ತಮ್ಮ.

ಭಾವ: ಮೈಮೇಲೆ ಬೇಡ ಕಣೋ. ರಾಜನ ಹಿಂದೆ ಬೀಸಣಿಗೆ ಹಿಡಿಯೋನು ಒಬ್ಬ ಇರಲಿ. ದೊಡ್ಡ ದುಂಡು ಬೀಸಣಿಗೆ, ಮೇಲೆ ಹಳದಿ ಬಟ್ಟೆ. ನೀನು ಎದೆ ಮೇಲೆ ಕೈಯಿಡು, ಬೆನ್ನು ತೋರಿಸು, ಏನಾದ್ರೂ ಮಾಡ್ಕೋ. ಬೀಸಣಿಗೆ ಕ್ಯಾಮೆರಾಕ್ಕೆ ಎದುರಿಗೇ ಇರುತ್ತೆ.

ಹೀರೋ: ಹಿಡಿಯೋರು ಯಾರು? ನಾನು ಎತ್ತ ಹೋಗ್ತೀನಿ ಅಂತ ನನಗೇ ಗೊತ್ತಿರಲ್ಲ.

ಭಾವ: ನನಗೆ ಗೊತ್ತಿರುತ್ತೆ. ಕೋಪ ಬಂದ್ರೆ ಎಡಕ್ಕೆ ಹೋಗ್ತೀಯ. ಮಾತು ಮರೆತ್ರೆ ಬಲಕ್ಕೆ.

ಹೀರೋ: ಎರಡೂ ಒಟ್ಟಿಗೆ ಆದ್ರೆ?

ಭಾವ: ಸಿಂಹಾಸನದ ಮೇಲೆ ಕೂತ್ಕೋತೀಯ. ಈಗ ಕೂತ ಹಾಗೆ.

ಹೀರೋ ಎದ್ದು ನಿಂತ. ಹಳೆಯ ಸೈಕಲ್ ರಿಮ್ಮು ಸಿಕ್ಕಿತು, ಅಕ್ಕ ಬಟ್ಟೆ ಹೊದಿಸಿದಳು, ಒಂದು ಕೋಲಿಗೆ ಕಟ್ಟಿದ್ದಾಯಿತು. ಭಾವ ಅಟ್ಟದಿಂದ ಇಳಿದು ಬಂದು, ಅದನ್ನು ಎತ್ತಿ ಹಿಡಿದು ರಾಜನ ಹಿಂದೆ ನಿಂತ. ಬೆಳಕು ಭಟನನ್ನು ಬಿಟ್ಟು ನೇರವಾಗಿ ಬೀಸಣಿಗೆಯ ಮೇಲೆ ಬಿತ್ತು, ಅದರ ಕೆಳಗಿದ್ದ ಭಾವನ ಮುಖದ ಮೇಲೂ ಬಿತ್ತು. ಒಂದಿಷ್ಟು ಮುಂದೆ ನಿಂತಿದ್ದ ರಾಜನಿಗೆ ಒಂದು ಕಿವಿಯಷ್ಟು ಬೆಳಕು ಸಿಕ್ಕಿತು.

ಹೀರೋ: ಭಾವ, ಬೆಳಕು ನಿಮ್ಮ ಮೇಲೆ ಬೀಳ್ತಿದೆ.

ಭಾವ: ನೀನು ಸ್ವಲ್ಪ ಹಿಂದಕ್ಕೆ ಬಾ.

ಹೀರೋ ಹಿಂದಕ್ಕೆ ಬಂದ. ಭಾವ ಬೀಸಣಿಗೆಯನ್ನು ಎಡಕ್ಕೆ ಒಯ್ದ. ಬೆಳಕು ಎಡಕ್ಕೆ ಹೋಯಿತು. ಕಿರೀಟ ಹಿಡಿದುಕೊಂಡು ರಾಜನೂ ಎಡಕ್ಕೆ ಓಡಿದ.

ಹೀರೋ: ನಾನು ಹೋದ ಕಡೆ ನೀವು ಬರ್ಬೇಕು ಭಾವ.

ಭಾವ: ಬರ್ತೀನಿ. ಯಂತ್ರ ಚೆನ್ನಾಗಿ ಕೆಲಸ ಮಾಡ್ತಿದೆ ಅಂತ ಮ್ಯಾನೇಜರಿಗೆ ಹೇಳು. ಪರದೆಗೆ ಬೇರೆ ಯಾರನ್ನಾದ್ರೂ ನೋಡ್ಕೊಳ್ಳಲಿ, ನನ್ನ ಕೈ ಖಾಲಿ ಇಲ್ಲ.

ಅಕ್ಕ ಮೊದಲ ಸಾಲಿನಲ್ಲಿ ಕೂತು ಗಂಡನನ್ನೇ ನೋಡುತ್ತಿದ್ದಳು. ಅವಳಿಗೆ ಹೆಮ್ಮೆಯಾಗಿತ್ತು, ಜೊತೆಗೆ ಸ್ವಲ್ಪ ನಾಚಿಕೆಯೂ.

ಅಕ್ಕ: ರೀ, ಆ ಕಾಲರಿನ ಹೊಲಿಗೆ ಬಿಟ್ಟು ಎಷ್ಟು ದಿನ ಆಯ್ತು?

ಭಾವ: ಮೂರು ವರ್ಷ. ಕತ್ತಲಲ್ಲಿ ಕೂರೋನಿಗೆ ಹೊಲಿಗೆ ಯಾಕೆ ಅಂತ ನಿನಗೆ ಹೇಳಲಿಲ್ಲ.

ಅಕ್ಕ: ಬಿಚ್ಚಿ ಕೊಡಿ. ನಾಳೆ ಊರೆಲ್ಲ ನಿಮ್ಮನ್ನ ನೋಡುತ್ತೆ.

ಹೀರೋ: ಊರೆಲ್ಲ ನೋಡೋದು ನನ್ನನ್ನ ಅಕ್ಕ.

ಅಕ್ಕ: ಭಾವನ ಹತ್ರ ನಿಂತ್ಕೋ. ನಿನ್ನನ್ನೂ ನೋಡ್ತಾರೆ.