ಅರವತ್ತೊಂದನೇ ನಂಬರಿನ ಪೋಡಿ

“ಒಂದನ್ನ ಮುಟ್ಟಿದ್ರೆ ಎರಡೂ ಯಾಕಪ್ಪ ಹೊತ್ಕೊಳ್ತವೆ?”

ರೇಣುಕಯ್ಯ ಕೇಳಿದ್ದು ಯಾರನ್ನೂ ಅಲ್ಲ. ಕೊರಟಗೆರೆ ಬಸ್‌ಸ್ಟ್ಯಾಂಡಿನ ಹತ್ತಿರ, ಮಹಡಿಯ ಮೇಲಿನ ಆ ನಕ್ಷೆ ಆಫೀಸಿನಲ್ಲಿ ಆಗ ಅವರ ಎದುರಿಗಿದ್ದದ್ದು ಕಂಪ್ಯೂಟರು ಮತ್ತು ಗೋಡೆಯ ಶಿವನ ಪಟ. ಎರಡೂ ಉತ್ತರ ಕೊಡುವ ಪೈಕಿ ಅಲ್ಲ.

ಪರದೆಯ ಮೇಲೆ ಅರವತ್ತೊಂದನೇ ಸರ್ವೆ ನಂಬರು ಎರಡು ತುಂಡಾಗಿ ಬಿದ್ದಿತ್ತು. ನಡುವೆ ರಸ್ತೆ. ಈ ಕಡೆ ಎರಡು ಎಕರೆ ಇಪ್ಪತ್ತು ಗುಂಟೆ, ಆ ಕಡೆ ಮೂವತ್ತೆರಡು ಗುಂಟೆ. ಈ ಕಡೆಯದನ್ನು ಮೌಸಿನಿಂದ ಒತ್ತಿದರೆ ಆ ಕಡೆಯದೂ ಹಳದಿಯಾಗುತ್ತಿತ್ತು, ಒಬ್ಬನನ್ನು ಕೂಗಿದರೆ ಇಬ್ಬರೂ ಓಗೊಡುವ ಅವಳಿಗಳ ಹಾಗೆ. ನೆಲದ ಮೇಲೆ ಎರಡು ಹೊಲ. ಕಂಪ್ಯೂಟರಿನ ಲೆಕ್ಕಕ್ಕೆ ಒಂದೇ: ಮೂರು ಎಕರೆ ಹನ್ನೆರಡು ಗುಂಟೆ.

ಮೂವತ್ತು ವರ್ಷ ಮಸಿಯಲ್ಲಿ ಅದ್ದಿದ ನಿಬ್ಬಿನಿಂದ ನಕ್ಷೆ ಬರೆದ ಕೈ ರೇಣುಕಯ್ಯನವರದು. ಹಳೆ ನಕ್ಷೆಗಳನ್ನೆಲ್ಲ ಕಂಪ್ಯೂಟರಿಗೆ ಏರಿಸುವ ಕಂಟ್ರಾಕ್ಟರು ಆ ಕೈಯನ್ನು ನಂಬಿ ಕೆಲಸಕ್ಕಿಟ್ಟುಕೊಂಡಿದ್ದ. ಆ ಕೈ ಈಗಾಗಲೇ ಎರಡು ಸಲ ತಪ್ಪಿತ್ತು. ಒಂದು ಸಲ ಇಡೀ ಕೆರೆಯನ್ನು ಒಬ್ಬನ ತೋಟ ಮಾಡಿ ಕಳಿಸಿದ್ದರು. “ಮೂರನೇದಾದ್ರೆ ಮನೆಗೆ ಹೋಗ್ತಾ ಇರಿ” ಅಂತ ಕಂಟ್ರಾಕ್ಟರು ಹೇಳಿಯಾಗಿತ್ತು. ಐವತ್ತಾರರಲ್ಲಿ ಇನ್ನೊಂದು ಕೆಲಸ ಹುಡುಕಿಕೊಂಡು ಅಲೆಯುವ ಶಕ್ತಿ ಅವರ ಕಾಲಿಗಿರಲಿಲ್ಲ.

ಅಷ್ಟರಲ್ಲಿ ಮೆಟ್ಟಿಲ ಮೇಲೆ ಗದ್ದಲ. ಅರವತ್ತೊಂದನೇ ನಂಬರೇ ಕಾಲು ಬಂದು ಹತ್ತಿ ಬಂದಂತೆ ನರಸಮ್ಮ, ಅವಳ ಹಿಂದೆ ಮಾರಕ್ಕ. ಅಣ್ಣತಮ್ಮಂದಿರ ಹೆಂಡಿರು, ಚನ್ನರಾಯನದುರ್ಗದ ಬುಡದ ಹಳ್ಳಿಯವರು. ಹನ್ನೊಂದು ವರ್ಷದಿಂದ ಮಾತಿಲ್ಲ. ಒಂದೇ ಬಸ್ಸಿಗೆ ಬಂದಿದ್ದರು, ಒಬ್ಬಳು ಡ್ರೈವರ್ ಹಿಂದೆ, ಇನ್ನೊಬ್ಬಳು ಕೊನೇ ಸೀಟಿನಲ್ಲಿ.

“ಅಯ್ನೋರೇ, ಪೋಡಿ ಮಾಡ್ಕೊಡಿ, ನಮ್ಮ ತುಂಡಿಗೆ ನಮ್ದೇ ನಂಬ್ರು ಬೇಕು,” ಅಂದಳು ನರಸಮ್ಮ. “ಕೆಲವ್ರ ಜೊತೆ ಒಂದೇ ನಂಬ್ರಲ್ಲಿರಾಕೆ ನನಗೆ ನಾಚ್ಕೆ ಆಗ್ತದೆ.”

“ನಾಚ್ಕೆ ಅಂತೆ! ಬೋರ್‌ವೆಲ್ ಇರೋ ಕಡೆಗೆ ಕಾಲು ಚಾಚ್ಕೊಂಡು, ನಮಗೆ ಕಲ್ಲು ಬುಟ್ಟೋರಿಗೆ ನಾಚ್ಕೆ ಬೇರೆ ಐತಾ ಕೇಳಿ ಅಯ್ನೋರೆ,” ಅಂದಳು ಮಾರಕ್ಕ, ಗೋಡೆಯ ಶಿವನ ಕಡೆ ಮುಖ ಮಾಡಿ.

“ಕಲ್ಲಲ್ಲ, ಅವ್ಳ ನಾಲ್ಗೆ ತಾಗಿ ಮಣ್ಣೇ ಕಲ್ಲಾಗೈತೆ ಅಂತ ಹೇಳಿ.”

ಪಕ್ಕದ ಟೇಬಲ್ಲಿನ ಜಯಕುಮಾರ್ ಕುರ್ಚಿ ಸಮೇತ ಉರುಳಿಕೊಂಡು ಬಂದ. ತುಮಕೂರಿನಲ್ಲಿ ಮೂರು ದಿನ ತರಬೇತಿಗೆ ಹೋಗಿದ್ದವನು. ಊಟದ ರುಚಿಯ ಜೊತೆಗೆ ಒಂದೇ ಒಂದು ವಿದ್ಯೆ ಕಲಿತು ಬಂದಿದ್ದ. “ಇಷ್ಟಕ್ಕೆ ಯಾಕ್ ತಲೆ ಕೆಡಿಸ್ಕೊಂತೀರಾ ಸಾರ್? ಎಕ್ಸ್‌ಪ್ಲೋಡ್ ಅಂತ ಒಂದು ಬಟನ್ ಐತೆ. ಒತ್ತಿ. ಪೋಡಿ ಆಗೋಯ್ತು!”

ರೇಣುಕಯ್ಯ ಅನುಮಾನಿಸಿದರು. ಇವರು ಅನುಮಾನಿಸುವಷ್ಟರಲ್ಲಿ ಅವನೇ ಒತ್ತಿಬಿಟ್ಟ. ನಿಜಕ್ಕೂ ಹೊಲ ಎರಡಾಯಿತು. ಒಂದನ್ನು ಮುಟ್ಟಿದರೆ ಒಂದೇ ಹೊತ್ತಿಕೊಂಡಿತು. ಅರವತ್ತೊಂದು ಬಾರ್ ಒಂದು, ಅರವತ್ತೊಂದು ಬಾರ್ ಎರಡು ಅಂತ ಹೆಸರಿಟ್ಟು, ಇಬ್ಬರಿಗೂ ಒಂದೊಂದು ಕರಡು ನಕ್ಷೆ ತೆಗೆದು ಸಹಿ ಹಾಕಿ ಕೊಟ್ಟರು. “ನಿಮ್ಮ ಹೊಟ್ಟೆ ತಣ್ಣಗಿರ್ಲಿ ಅಯ್ನೋರೆ” ಅಂತ ಇಬ್ಬರೂ ಬೇರೆ ಬೇರೆ ಹರಸಿ, ಬೇರೆ ಬೇರೆ ಇಳಿದು ಹೋದರು. ಹರಕೆ ಕಿವಿಗೆ ಬಿದ್ದ ಹೊತ್ತಿನಲ್ಲಿ ಕಾಗದದ ಮೇಲಿನ ಅಂಕಿ ಕಣ್ಣಿಗೆ ಬೀಳಲಿಲ್ಲ. ನಿಬ್ಬಾಗಿದ್ದರೆ ಮಸಿ ಒಣಗುವಷ್ಟು ಹೊತ್ತಾದರೂ ನೋಡುತ್ತಿದ್ದರು.

ಮಧ್ಯಾಹ್ನ ಮೂರಕ್ಕೆ ಫೋನು. ನಕ್ಷೆ ತಾಳೆ ನೋಡುವ ತೇಜಸ್ವಿನಿ.

“ಸಾರ್, ನಿಮ್ಮ ಆ ಹಳ್ಳಿ ಬೆಳಗ್ಗೆಯಿಂದ ಬೆಳೆದಿದೆ.”

“ಏನಮ್ಮ?”

“ನೆಲ ಸಾರ್. ಮೂರು ಎಕರೆ ಹನ್ನೆರಡು ಗುಂಟೆ ಜಾಸ್ತಿ ಬರ್ತಿದೆ. ಏನು, ಗೊಬ್ಬರ ಹಾಕಿದ್ರಾ?”

ರೇಣುಕಯ್ಯ ಕಂಪ್ಯೂಟರಿನಲ್ಲಿ ಅಳತೆಯ ಪಟ್ಟಿ ತೆರೆದರು. ಹೊಲವನ್ನು ಸೀಳಿದ್ದು ಹೌದು, ಆದರೆ ಅದರ ಅಳತೆಯನ್ನು ಕಂಪ್ಯೂಟರು ಸೀಳಿರಲಿಲ್ಲ. ಎರಡು ತುಂಡಿಗೂ ಇಡೀ ಹೊಲದ ಅಳತೆಯನ್ನೇ ಬರೆದಿತ್ತು. ದೊಡ್ಡ ತುಂಡಿಗೂ ಮೂರು-ಹನ್ನೆರಡು, ಸಣ್ಣ ತುಂಡಿಗೂ ಮೂರು-ಹನ್ನೆರಡು. ನೆಲಕ್ಕೆ ಬಿದ್ದ ರಕ್ತದ ಹನಿಹನಿಗೂ ಒಬ್ಬೊಬ್ಬ ಇಡೀ ರಾಕ್ಷಸ ಎದ್ದು ನಿಂತ ಪುರಾಣವನ್ನು ಚಿಕ್ಕಂದಿನಲ್ಲಿ ಅಜ್ಜನ ಬಾಯಲ್ಲಿ ಕೇಳಿದ್ದರು. ಆಗ ನಗು ಬಂದಿತ್ತು.

“ಕಂಪ್ಯೂಟರಲ್ಲಿ ನಾನು ಸರಿ ಮಾಡ್ತೀನಿ ಸಾರ್, ಯಾರಿಗೂ ಹೇಳಲ್ಲ,” ಅಂದಳು ತೇಜಸ್ವಿನಿ. “ಸಹಿ ಹಾಕಿ ಕೊಟ್ಟ ಎರಡು ಕಾಗದ ಮಾತ್ರ ಇವತ್ತೇ ವಾಪಸ್ ತರಿಸ್ಕೊಳಿ. ಬೆಳಗ್ಗೆ ಯಾರಾದ್ರೂ ಅವನ್ನ ಹಿಡ್ಕೊಂಡು ಬಂದು ಕಂಟ್ರಾಕ್ಟರ್ ಕಣ್ಣಿಗೆ ಬಿದ್ರೆ ನನ್ನ ಕೈಲಿ ಏನೂ ಇಲ್ಲ.”

ಜಯಕುಮಾರನ ಸ್ಕೂಟರಿನ ಹಿಂದೆ ಕೂತು ಹೊರಟರು. ದಾರಿಯುದ್ದಕ್ಕೂ ಅವನು ಸಮಾಧಾನ ಹೇಳಿದ: “ಬಟನ್ ತಪ್ಪಲ್ಲ ಸಾರ್, ಹೊಲದ್ದೇ ತಪ್ಪು.” ರೇಣುಕಯ್ಯನವರಿಗೆ ಆ ಹೆಂಗಸರದೇ ಚಿಂತೆ. ಇಷ್ಟು ಹೊತ್ತಿಗೆ ಒಬ್ಬಳ ಕಾಗದ ಇನ್ನೊಬ್ಬಳು ನೋಡಿ, ಮಚ್ಚು ಕುಡುಗೋಲು ಹೊರಬಿದ್ದಿದ್ದರೆ? ನನ್ನ ಸಹಿಯಿಂದ ರಕ್ತ ಹರಿಯಿತಲ್ಲ ಶಿವನೇ ಅಂತ ಒಳಗೇ ಬೆಂದರು.

ಹೊಲದ ಹತ್ತಿರ ಸ್ಕೂಟರು ನಿಂತಿತು. ಕುಡುಗೋಲು ಇರಲಿಲ್ಲ. ರಸ್ತೆ ಬದಿಯ ಹೊಂಗೆ ನೆರಳಲ್ಲಿ ನರಸಮ್ಮನೂ ಮಾರಕ್ಕನೂ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತು, ಬೇಯಿಸಿದ ಕಳ್ಳೆಕಾಯಿಯನ್ನು ಒಂದೇ ಮೊರದಲ್ಲಿ ಸುಲಿಯುತ್ತ ನಗುತ್ತಿದ್ದರು.

“ಬನ್ನಿ ಅಯ್ನೋರೆ, ಕುತ್ಕೊಳ್ಳಿ,” ನರಸಮ್ಮ ಬೊಗಸೆ ತುಂಬ ಕಾಯಿ ಕೊಟ್ಟಳು.

ರೇಣುಕಯ್ಯ ತೊದಲಿದರು. “ಅಮ್ಮಾ, ಕಾಗದದಲ್ಲಿ ಒಂದು ತಪ್ಪಾಗಿದೆ...”

“ಗೊತ್ತು ಬುಡಿ,” ಅಂದಳು ಮಾರಕ್ಕ. “ಬಸ್ಸಲ್ಲೇ ಓದ್ದೆ. ಅಕ್ಕಂಗೆ ನನಗಿಂತ ಜಾಸ್ತಿ ಬರ್ದವ್ರೇನೋ ಅಂತ ಎದ್ದೋಗಿ ಕಿತ್ಕೊಂಡು ನೋಡ್ದೆ. ಒಂದು ಗುಂಟೆನೂ ಹೆಚ್ಚಿಲ್ಲ, ಕಮ್ಮಿ ಇಲ್ಲ. ಅಕ್ಕಂಗೂ ಇಡೀ ಹೊಲ, ನನಗೂ ಇಡೀ ಹೊಲ!”

“ಅಷ್ಟು ನೆಲ ಇಲ್ಲಮ್ಮ!”

“ಇಲ್ಲ ಅಂತ ನಮಗೆ ಗೊತ್ತಿಲ್ವಾ? ದಿನಾ ಉಳೋರು ನಾವು.” ನರಸಮ್ಮ ನಗು ನಿಲ್ಲಿಸಿದಳು. “ಅಯ್ನೋರೆ, ಹನ್ನೊಂದು ವರ್ಷ ಪಂಚಾಯ್ತಿ ಮಾಡ್ದೋರೆಲ್ಲ ಇವ್ಳಿಗೆ ಇಷ್ಟು, ನನಗೆ ಅಷ್ಟು ಅಂತ ಸೀಳಿದ್ರು. ಯಾರೋ ಒಬ್ರು ಸೋಲ್ಲೇಬೇಕಿತ್ತು. ಯಾರೂ ಸೋತಿಲ್ಲ ಅಂತ ಬರ್ದಿರೋದು ಇದೊಂದೇ ಕಾಗ್ದ.”

ರೇಣುಕಯ್ಯ ಕೈಮುಗಿದರು. “ತಾಯಿ, ನನ್ನ ಕೆಲಸ ಹೋಗುತ್ತೆ.”

ಇಬ್ಬರ ಮುಖವೂ ಬಾಡಿತು. ಮಾರಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು. “ಹಂಗಾದ್ರೆ ಇಲ್ಲಿಗೇ ಬಂದ್ಬುಡಿ ಅಯ್ನೋರೆ. ಇಬ್ರದೂ ಸೇರಿ ಆರೆಕರೆ ಇಪ್ಪತ್ನಾಲ್ಕು ಗುಂಟೆ ಐತೆ. ನೋಡ್ಕೊಳಾಕೆ ಒಬ್ರು ಬೇಕೇ ಬೇಕು.”

ಜಯಕುಮಾರ್ ಕೆಮ್ಮುವವನಂತೆ ಆ ಕಡೆ ತಿರುಗಿಕೊಂಡ. ರೇಣುಕಯ್ಯ ಕೊನೆಯದಾಗಿ ಕೇಳಿದರು: “ನಾಳೆ ಒಂದಿನದ ಮಟ್ಟಿಗಾದ್ರೂ ಕೊಡ್ರಮ್ಮ. ಸರಿಯಾದ್ದು ಬರೆದು ತಂದುಕೊಡ್ತೀನಿ.”

ಮಾರಕ್ಕ ಎರಡೂ ಕಾಗದ ಜೋಡಿಸಿ, ಮಡಿಸಿ, ಅಕ್ಕನ ಮಡಿಲಿಗೆ ಹಾಕಿದಳು.

“ಸರಿಯಾದ್ದು ನಮಗೆ ಬ್ಯಾಡ,” ಅಂದಳು ನರಸಮ್ಮ. “ಕೊಡಲ್ಲ.”