ಕಾಫಿ ಕಣದಲ್ಲೊಂದು ವಿಮಾನ

ನಾಯಿ ಸಾಕಿದವರ ಹತ್ತಿರ ನಾಯಿಯ ಕತೆಗಳಿರುತ್ತವೆ, ಹಸು ಸಾಕಿದವರ ಹತ್ತಿರ ಹಸುವಿನ ಕತೆಗಳು. ನಮ್ಮವರು ವಿಮಾನ ಸಾಕಿದರು. ಹಾಗಾಗಿ ನಾನು ಬೇಡವೆಂದರೂ ಕತೆಗಳು ಮನೆ ಬಾಗಿಲಿಗೇ ಬಂದು ಬೀಳುತ್ತವೆ.

ನಮ್ಮವರು ಅಂದರೆ ನನ್ನ ಯಜಮಾನರು. ಜಾವಳಿ ಕಡೆ ನಮ್ಮ ಕಾಫಿ ತೋಟ. ಮದುವೆಗೆ ಮುಂಚೆ ಇವರು ಫ್ಲೈಯಿಂಗ್ ಕ್ಲಬ್ ಸೇರಿ ವಿಮಾನ ಹಾರಿಸುವುದನ್ನು ಕಲಿತಿದ್ದರಂತೆ. ಮಾವನವರು ಕರೆದರು ಅಂತ ಅದನ್ನು ಬಿಟ್ಟು ತೋಟಕ್ಕೆ ಬಂದರು. ಐವತ್ತು ದಾಟಿದ ಮೇಲೆ, ಬೇರೆ ಗಂಡಸರಿಗೆ ಸಕ್ಕರೆ ಕಾಯಿಲೆ ಶುರುವಾಗುವ ವಯಸ್ಸಿನಲ್ಲಿ, ಇವರಿಗೆ ಆ ಹಳೆಯ ಹುಚ್ಚು ಮರುಕಳಿಸಿತು. ಲೈಸೆನ್ಸ್ ಹೊಸದಾಗಿ ಮಾಡಿಸಿಕೊಂಡರು. ಎಲ್ಲೋ ಒಂದು ಶೆಡ್ಡಿನಲ್ಲಿ ಧೂಳು ಹಿಡಿದು ಬಿದ್ದಿದ್ದ, ಮೇಲೊಂದು ಜೊತೆ ಕೆಳಗೊಂದು ಜೊತೆ ರೆಕ್ಕೆಯ, ಇವರಿಗಿಂತ ವಯಸ್ಸಾದ ವಿಮಾನವೊಂದನ್ನು ಕೊಂಡರು. ನನಗೆ ಹೇಳಿದ್ದು ಲಾರಿ ಹೊರಟ ಮೇಲೆ.

ಚೆಕ್‌ಪೋಸ್ಟ್

ಲಾರಿಯಲ್ಲಿ ವಿಮಾನದ ಹೊಟ್ಟೆ, ಬಾಲ, ಬಿಚ್ಚಿಟ್ಟ ರೆಕ್ಕೆಗಳು. ರೆಕ್ಕೆಗಳ ಬಟ್ಟೆ ಹರಿದುಹೋಗಿ ಒಳಗಿನ ಮರದ ಚೌಕಟ್ಟು ಮಾತ್ರ ಉಳಿದಿತ್ತು. ದಾರಿಗೆ ಹೋಗಿ ಲಾರಿಯನ್ನು ಸೇರಿಕೊಂಡ ನಾವು ಹಿಂದಿನ ಜೀಪಿನಲ್ಲಿ. ದಾರಿಯಲ್ಲಿ ಅರಣ್ಯದ ಚೆಕ್‌ಪೋಸ್ಟಿನ ಗಾರ್ಡ್ ಲಾರಿ ಹತ್ತಿ ಇಣುಕಿ ನೋಡಿ, ಕೆಳಗಿಳಿದು ನಮ್ಮ ಹತ್ತಿರ ಬಂದ.

"ಸಾರ್, ಪರ್ಮಿಟ್?"

"ಎಂತದ್ದಕ್ಕೆ?"

"ಮರ ಸಾಗಿಸ್ತಿದೀರಲ್ಲ."

"ಅದು ಮರ ಅಲ್ಲ ಮಾರಾಯ, ವಿಮಾನದ ರೆಕ್ಕೆ."

ಗಾರ್ಡ್ ಇನ್ನೊಮ್ಮೆ ಲಾರಿ ಹತ್ತಿ, ರೆಕ್ಕೆಗೆ ಉಗುರು ಒತ್ತಿ, ಮೂಸಿ ನೋಡಿ ಬಂದ. "ಮರವೇ ಸಾರ್. ಯಾವ ಜಾತಿ ಅಂತ ಗೊತ್ತಾಗ್ತಿಲ್ಲ. ಬೀಟೆ ಅಲ್ಲ, ಹೊನ್ನೆ ಅಲ್ಲ."

ಇವರು ಜೀಪಿನಿಂದಿಳಿದು, ಆ ಮರ ಯಾವ ದೇಶದ್ದು, ಹಳೆಯ ಕಾಲದಲ್ಲಿ ವಿಮಾನವನ್ನು ಮರ ಮತ್ತು ಬಟ್ಟೆಯಲ್ಲಿ ಹೇಗೆ ಕಟ್ಟುತ್ತಿದ್ದರು ಎಂದು ಪಾಠ ಶುರುಮಾಡಿದರು. ಹಿಂದೆ ಬಸ್ಸೊಂದು ನಿಂತು ಹಾರ್ನ್ ಮಾಡಿತು. ಅದರ ಪ್ರಯಾಣಿಕರೂ ಇಳಿದು ಬಂದು ಪಾಠ ಕೇಳಿದರು. ಗಾರ್ಡ್ ತಾಳ್ಮೆಯಿಂದ ಎಲ್ಲ ಕೇಳಿಸಿಕೊಂಡು ಗೇಟು ಎತ್ತಿದ.

"ಹೋಗಿ ಸಾರ್. ಆದ್ರೆ ಒಂದು ಮಾತು ಅರ್ಥ ಆಗ್ಲಿಲ್ಲ. ವಿಮಾನ ಅಂತೀರಿ, ಮತ್ತೆ ಲಾರೀಲಿ ಯಾಕೆ ತಗೊಂಡು ಹೋಗ್ತಿದೀರಿ?"

ಕಣ

ರಿಪೇರಿಗೆ ಸಿಕ್ಕಿದ್ದು ಕಳಸದ ಹಿರಿಯರೊಬ್ಬರು. ಏರ್‌ಫೋರ್ಸಿನಲ್ಲಿ ವಿಮಾನಗಳ ನಡುವೆಯೇ ಜೀವ ಸವೆಸಿ ನಿವೃತ್ತರಾದವರು. ನಾವು ಅವರನ್ನು ಮೆಕ್ಯಾನಿಕ್ ಸಾಹೇಬ್ರು ಅಂತಲೇ ಕರೆಯುವುದು. ನಗು ಅನ್ನುವುದನ್ನು ಅವರು ನಿವೃತ್ತಿಯ ದಿನ ಆಫೀಸಿನಲ್ಲೇ ಒಪ್ಪಿಸಿ ಬಂದಿದ್ದಿರಬೇಕು.

ಕಾಫಿ ಗೋಡೌನಿನಲ್ಲಿ ಇಬ್ಬರೂ ಎಂಜಿನ್ನಿನ ಮುಂದೆ ತಿಂಗಳುಗಟ್ಟಲೆ ತಪಸ್ಸು ಕೂತರು. ಕೊನೆಗೊಂದು ದಿನ, ಇನ್ನೂ ರೆಕ್ಕೆ ಕಟ್ಟದ ವಿಮಾನವನ್ನು ಎಂಜಿನ್ ಪರೀಕ್ಷೆಗೆಂದು ಹೊರಗೆ ಕಣದ ಅಂಚಿಗೆ ತಳ್ಳಿ, ಹಗ್ಗ ಕಟ್ಟಿ ನಿಲ್ಲಿಸಿದರು. ಕಣದ ತುಂಬಾ ಹಣ್ಣಿನ ಸಿಪ್ಪೆ ತೆಗೆದು ತೊಳೆದ ಪಾರ್ಚ್‌ಮೆಂಟ್ ಕಾಫಿ ಒಣಗಲು ಹರಡಿತ್ತು. ವಿಮಾನದ ಫ್ಯಾನಿನ ಗಾಳಿ ಹಿಂದಕ್ಕೆ ಹೊಡೆಯುತ್ತದೆ ಎಂದು ಇಬ್ಬರಿಗೂ ಚೆನ್ನಾಗಿ ಗೊತ್ತು. ಹಿಂದೆ ಏನಿದೆ ಅಂತ ಮಾತ್ರ ಇಬ್ಬರೂ ತಿರುಗಿ ನೋಡಲಿಲ್ಲ.

ಎಂಜಿನ್ ಕೆಮ್ಮಿತು, ಸೀನಿತು, ಆಮೇಲೆ ಘರ್ಜಿಸಿತು. ಇಡೀ ಕಣದ ಕಾಫಿ ಎದ್ದು ಬೇಲಿ ದಾಟಿ ಪಕ್ಕದ ತೋಟಕ್ಕೆ ಹೋಯಿತು. ಇವರು ಮಾತ್ರ ಕಣ್ಣಲ್ಲಿ ನೀರು ತುಂಬಿಕೊಂಡು, "ಕೇಳಿದ್ಯಾ, ಎಂಥಾ ದನಿ" ಅನ್ನುತ್ತಿದ್ದರು. ನಾನು ಪೊರಕೆ ಹಿಡಿದು ಬೇಲಿಯ ಆಚೆ ನಿಂತಿದ್ದೆ.

ತೋಟದ ಆಳುಗಳನ್ನು ನೋಡಿಕೊಳ್ಳುವ ನಮ್ಮ ಮೇಸ್ತ್ರಿ ಮಾತ್ರ ಆ ಗಾಳಿಯನ್ನು ನೋಡುತ್ತಲೇ ಇದ್ದ. ಕಾಳುಮೆಣಸು ಕೊಯ್ದು ಒಣಗಿಸಿದ ಮೇಲೆ ಒಂದು ಬೆಳಿಗ್ಗೆ ಆಳುಗಳ ತಲೆಯ ಮೇಲೆ ಬುಟ್ಟಿ ಹೊರಿಸಿಕೊಂಡು ಬಂದು, ವಿಮಾನದ ಹಿಂದೆ ಸಾಲಾಗಿ ನಿಲ್ಲಿಸಿದ.

"ಗೌಡ್ರೆ, ಒಂದು ಸ್ವಲ್ಪ ಹೊತ್ತು ಸ್ಟಾರ್ಟ್ ಮಾಡಿ. ಜೋರು ಬೇಡ. ಹೊಟ್ಟು ಹಾರಿದ್ರೆ ಸಾಕು."

ಹೊಲಿಗೆ

ರೆಕ್ಕೆಗೆ ಬಟ್ಟೆ ಹೊದಿಸಿ ಹೊಲಿಯುವ ಕೆಲಸ ನನ್ನ ತಲೆಗೆ ಬಂತು. ಇವರ ಅಂಗಿಗೆ ಗುಂಡಿ ಹಾಕಿಕೊಡಲು ವಾರಗಟ್ಟಲೆ ಸತಾಯಿಸುವವಳು ನಾನು. ಮೆಕ್ಯಾನಿಕ್ ಸಾಹೇಬ್ರು ಪ್ರತಿ ಗಂಟನ್ನೂ ಎಳೆದು ನೋಡಿ, "ಬಿಚ್ಚಿ ಅಮ್ಮಾ, ಇನ್ನೊಂದ್ಸಲ" ಅನ್ನುತ್ತಿದ್ದರು. ಬಿಚ್ಚಿ ಬಿಚ್ಚಿ ಅವರು ಹೇಳಿಕೊಟ್ಟ ಗಂಟು ನನ್ನ ಕೈಗೆ ಕೂತಿತು.

ಕೊನೆಯ ರೆಕ್ಕೆ ಮುಗಿಸಿದ ಮೇಲೆ ನೋಡುತ್ತೇನೆ, ಕತ್ತರಿ ಇಲ್ಲ. ಮೇಸ್ತ್ರಿ ಆಳುಗಳನ್ನು ಕರೆದು ರೆಕ್ಕೆ ಎತ್ತಿ ಅಲುಗಾಡಿಸಿದ. ಒಳಗಿನಿಂದ ಕಟಕಟ ಎಂದು ಸದ್ದು ಬಂತು.

"ಬಿಚ್ಚಿ ಅಮ್ಮಾ," ಅಂದರು ಸಾಹೇಬ್ರು.

"ಸಣ್ಣ ಕತ್ತರಿ. ಒಳಗೇ ಇದ್ರೆ ಎಂತ ಆಗುತ್ತೆ?"

"ವಿಮಾನ ತಲೆಕೆಳಗಾದಾಗ ಜಾರಿ ಹೋಗಿ ಕಂಟ್ರೋಲ್ ತಂತಿಗೆ ಸಿಕ್ಕಿಹಾಕ್ಕೊಳ್ಳುತ್ತೆ."

"ತಲೆಕೆಳಗೆ ಯಾಕಾಗುತ್ತೆ?"

ಸಾಹೇಬ್ರು ಇವರ ಮುಖ ನೋಡಿದರು. "ಏರ್‌ಶೋನಲ್ಲಿ ಪಲ್ಟಿ ಹೊಡೆಸೋದಕ್ಕೇ ತಾನೇ ಇಷ್ಟೆಲ್ಲಾ ಮಾಡ್ತಿರೋದು? ಸಾರ್, ನೀವು ಅಮ್ಮನಿಗೆ ಹೇಳಿಲ್ವಾ?"

ಇವರಿಗೆ ತಕ್ಷಣ ತೋಟದಲ್ಲಿ ಬಹಳ ಅರ್ಜೆಂಟ್ ಕೆಲಸವೊಂದು ನೆನಪಾಯಿತು.

ಆಯುಧ ಪೂಜೆ

ಅಂದಿನಿಂದ ನನ್ನ ನಿದ್ದೆ ಹಾರಿಹೋಯಿತು. ನಾನು ಹೊಲಿದ ಬಟ್ಟೆಯನ್ನು ನಂಬಿಕೊಂಡು ಈ ಮನುಷ್ಯ ಆಕಾಶದಲ್ಲಿ ಮಗುಚಿ ಬೀಳುತ್ತಾರಲ್ಲ, ಒಂದು ಗಂಟು ಸಡಿಲವಾದರೆ ನಾನು ಯಾರಿಗೆ ಏನು ಹೇಳಲಿ? "ನೀವು ಏನಾದ್ರೂ ಮಾಡ್ಕೊಳ್ಳಿ, ನಾನಂತೂ ಕಣ್ಣಲ್ಲಿ ನೋಡಲ್ಲ" ಅಂದುಬಿಟ್ಟೆ.

ಆಯುಧ ಪೂಜೆಯ ದಿನ ಜೀಪು, ಪಂಪ್‌ಸೆಟ್ಟು, ಕತ್ತಿಗಳ ಸಾಲಿನಲ್ಲಿ ವಿಮಾನವೂ ನಿಂತಿತು. ಅತ್ತೆ ಫ್ಯಾನಿಗೆ ಕುಂಕುಮ ಹಚ್ಚಿ, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು, ಕುಂಬಳಕಾಯಿ ಒಡೆಸಿದರು. ಆಮೇಲೆ ಮಗನನ್ನು ಹತ್ತಿರ ಕರೆದರು.

"ಸೀದಾ ಹಾರಿದ್ರೆ ಆಗಲ್ವೇನೋ? ಮಗುಚೋದು ಯಾಕೆ?"

"ಮಗುಚಿದ್ರೇ ಜನ ಚಪ್ಪಾಳೆ ಹೊಡೆಯೋದಮ್ಮಾ."

ಅತ್ತೆ ಆರತಿ ತಟ್ಟೆ ಕೆಳಗಿಟ್ಟರು. "ನಿಮ್ಮಪ್ಪನೂ ಕೊಟ್ಟಿಗೆಹಾರದ ಹತ್ರ ಜೀಪು ಮಗುಚಿದ್ರು. ಒಬ್ಬನೂ ಚಪ್ಪಾಳೆ ಹೊಡೀಲಿಲ್ಲ."

ತಲೆಕೆಳಗು

ಪ್ರದರ್ಶನ ಇದ್ದದ್ದು ಬಯಲುಸೀಮೆಯ ಒಂದು ಏರ್‌ಸ್ಟ್ರಿಪ್‌ನಲ್ಲಿ. ಇವರು ಮೊದಲೇ ವಿಮಾನವನ್ನು ಮತ್ತೆ ಲಾರಿಯಲ್ಲೇ ಅಲ್ಲಿಗೆ ಸಾಗಿಸಿ ಅಭ್ಯಾಸ ಮಾಡಿಕೊಂಡಿದ್ದರು. ಆ ದಿನ ಅತ್ತೆ, ನಾನು, ತೋಟದ ಲೆಕ್ಕ ಬರೆಯುವ ರೈಟರು, ಮೇಸ್ತ್ರಿ ವ್ಯಾನಿನಲ್ಲಿ ಹೊರಟೆವು. ನಾನು ಹೊರಟಿದ್ದು ಅತ್ತೆಯನ್ನು ನೋಡಿಕೊಳ್ಳಲು ಎಂದು ಎಲ್ಲರಿಗೂ ಹೇಳಿದ್ದೆ.

ಮೆಕ್ಯಾನಿಕ್ ಸಾಹೇಬ್ರು ಬೆಳಿಗ್ಗೆಯೇ ಟಾರ್ಚು ಹಿಡಿದು, ಪೈಲಟ್ ಕೂರುವ, ಮೇಲೆ ಮುಚ್ಚಳವಿಲ್ಲದ ಜಾಗದ ಮೂಲೆಮೂಲೆ ನೋಡಿದ್ದರು. "ಒಳಗೆ ಒಂದು ಸೂಜಿ ಕೂಡ ಇರಬಾರದು, ಮಗುಚಿದಾಗ ಎಲ್ಲಾ ತಲೆ ಮೇಲೆ ಬೀಳುತ್ತೆ" ಎಂದು ನಮಗೂ ಎಚ್ಚರಿಸಿದರು. ಆಮೇಲೆ ಒಬ್ಬೊಬ್ಬರೇ "ಸುಮ್ನೆ ಒಂದ್ಸಲ ಮುಟ್ಟಿ ಬರ್ತೀನಿ" ಎಂದು ವಿಮಾನದ ಹತ್ತಿರ ಹೋಗಿ ಬಂದರು. ಅತ್ತೆ ಹೋದರು, ರೈಟರು ಹೋದರು, ಮೇಸ್ತ್ರಿ ಹೋದ. ನಾನೂ ಹೋಗಿ ಬಂದೆ.

ವಿಮಾನ ಏರಿತು. ನಾನು ಆಕಾಶಕ್ಕೆ ಬೆನ್ನು ಹಾಕಿ ಕುರ್ಚಿ ತಿರುಗಿಸಿಕೊಂಡೆ. ಅತ್ತೆ ಪಕ್ಕದಲ್ಲಿ ಕೂತು ವರದಿ ಒಪ್ಪಿಸತೊಡಗಿದರು.

"ಮೇಲೆ ಹೋದ... ಇನ್ನೂ ಮೇಲೆ... ಓ, ಮಗುಚಿದ ನೋಡು." ಆಮೇಲೆ ನನ್ನ ತೋಳು ಹಿಡಿದೆಳೆದು, "ಮಾರಾಯ್ತಿ, ಎಂತದೋ ಕೆಂಪು ಬರ್ತಿದೆ."

ತಿರುಗಿ ನೋಡಿದೆ. ವಿಮಾನದ ಹಿಂದೆ ಗಾಳಿಯಲ್ಲಿ ಕೆಂಪು. ಮೈಕಿನವರು "ಈ ಸಲ ವಿಶೇಷವಾಗಿ ಬಣ್ಣದ ಹೊಗೆ" ಎಂದು ಕೂಗಿದರು. ಜನ ಎದ್ದು ಚಪ್ಪಾಳೆ ಹೊಡೆದರು. ವಿಮಾನ ಮಿಕ್ಕ ಆಟ ಬಿಟ್ಟು ಸೀದಾ ಇಳಿಯಿತು. ಒಳಗೆ ಕೂತಿದ್ದ ಇವರ ಮುಖವೆಲ್ಲ ಕೆಂಪು.

ನನಗೆ ಅದು ರಕ್ತವೇ. ಸೀರೆ ಎತ್ತಿ ಕಟ್ಟಿಕೊಂಡು ಓಡಿದೆ. ಕಾವಲಿನವರು ತಡೆದರು, ನಾನು ನಿಲ್ಲಲಿಲ್ಲ. "ಎಲ್ರೀ ಪೆಟ್ಟಾಯ್ತು?" ಅಂತ ಕೇಳುವಷ್ಟರಲ್ಲಿ ಅಳು ಬಂದಿತ್ತು.

ಇವರು ಥೂ ಥೂ ಎಂದು ಬಾಯಿಂದ ಏನೋ ಉಗಿದರು. "ಕುಂಕುಮ ಕಣೇ."

ಸಾಹೇಬ್ರು ಟಾರ್ಚು ಹಿಡಿದು ಒಳಗಿನಿಂದ ಒಂದೊಂದೇ ತೆಗೆದರು. ಮೇಸ್ತ್ರಿಯ ನಿಂಬೆಹಣ್ಣು. ರೈಟರ ವಿಭೂತಿ ಪೊಟ್ಟಣ. ಹೊರನಾಡು ದೇವಸ್ಥಾನದ ಕುಂಕುಮದ ಖಾಲಿ ಕಾಗದ.

"ಅಮ್ಮಾ, ಎಷ್ಟು ಹಾಕಿದ್ರಿ?" ಇವರು ಕೇಳಿದರು.

"ಒಂದೇ ಪೊಟ್ಟಣ. ಮಗುಚೋದಕ್ಕೆ ಒಂದು ಚಿಟಿಕೆ ಸಾಲುತ್ತಾ?"

ಕೊನೆಗೆ ಸೀಟಿನ ಸಂದಿಯಿಂದ ಗಂಟು ಕಟ್ಟಿದ ಒಂದು ಕರ್ಚೀಫು ಸಿಕ್ಕಿತು. ಅದು ಯಾರದ್ದೆಂದು ಸಾಹೇಬ್ರು ಯಾರನ್ನೂ ಕೇಳಲಿಲ್ಲ. ಮೆಲ್ಲಗೆ ತಮ್ಮ ಜೇಬಿಗೆ ಸೇರಿಸಿದರು.

ಇವರು ಕಾಲರಿನೊಳಗಿಂದ ಒಂದು ಸೇವಂತಿಗೆ ಹೂವು ಎಳೆದು ನನಗೆ ತೋರಿಸಿದರು. "ಇದು ನಿನ್ನ ಜಡೇದಲ್ವಾ?" ನಾನು ಹೂವು ಕಸಿದು ಸೆರಗಿನಲ್ಲಿ ಮುಚ್ಚಿಕೊಂಡೆ; ಇವರು ಬಿಡಲಿಲ್ಲ. "ಎಂಜಿನ್ ಕೈಕೊಟ್ರೆ ದೇವರು ಕಾಪಾಡ್ತಾನೆ. ದೇವರೇ ತಲೆ ಮೇಲೆ ಬಿದ್ರೆ ಯಾರು ಕಾಪಾಡ್ತಾರೆ ಹೇಳು?"

ಮುಂದಿನ ಪ್ರದರ್ಶನಕ್ಕೆ ಆ ಕೆಂಪು ಹೊಗೆ ಮತ್ತೆ ಬೇಕು ಎಂದು ನಡೆಸುವವರು ಕೇಳಿದ್ದಾರೆ. ಸಾಹೇಬ್ರು ಒಪ್ಪಿಲ್ಲ. ಇನ್ನು ವಿಮಾನದ ಹತ್ತಿರ ಸುಳಿದವರ ಜೇಬು, ಸೆರಗು, ಜಡೆ ಎಲ್ಲ ತಪಾಸಣೆ ಮಾಡುತ್ತಾರಂತೆ.

ಮೊನ್ನೆ ಗೋಡೌನಿನಲ್ಲಿ ಕೂತು ಪೈಲಟ್ ಸೀಟಿನ ಹರಿದ ದಿಂಬಿಗೆ ಹೊಸ ಬಟ್ಟೆ ಹೊಲಿಯುತ್ತಿದ್ದೆ. ಹತ್ತಿಯ ನಡುವೆ ಸಣ್ಣದೊಂದು ಪೊಟ್ಟಣ ಇಟ್ಟು, ಅದು ಅಲುಗಾಡದ ಹಾಗೆ ಸುತ್ತಲೂ ರೆಕ್ಕೆಗೆ ಹಾಕುವ ಗಂಟನ್ನೇ ಹಾಕಿದ್ದೆ. ಸಾಹೇಬ್ರು ಬಂದರು. ಕೈಯಿಂದ ದಿಂಬು ಒತ್ತಿ ನೋಡಿದರು, ಅವರಿಗೆ ಗೊತ್ತಾಯಿತು. ಈಗ ಬಿಚ್ಚಿ ಅನ್ನುತ್ತಾರೆ ಎಂದು ನಾನು ಕಾದೆ. ಅವರು ಬಾಗಿಲ ಕಡೆ ಒಮ್ಮೆ ನೋಡಿ, ಜೇಬಿನಿಂದ ಆ ಕರ್ಚೀಫಿನ ಗಂಟು ತೆಗೆದು ನನ್ನ ಮುಂದೆ ಇಟ್ಟರು.

"ಅಮ್ಮಾ, ಒಳಗೆ ಇನ್ನೊಂದು ಸ್ವಲ್ಪ ಜಾಗ ಇದೆಯಾ?"